ಮೋಟ್ರು ಯಾಕ ಕಾಯ್ತದ?

ರಿಮೋಟಿನಿಂದ ಹಾರಿಸುವ ಹೆಲಿಕಾಪ್ಟರ್ ಎಂದರೆ ಜಾತ್ರೆಯಲ್ಲಿ ಸಿಗುವ ಆಟಿಗೆ ನೆನಪಾಗುವುದು ಸಹಜ. ನಾನು ಹೇಳಹೊರಟಿರುವುದು ಅದರ ಅಣ್ಣನಂಥದ್ದು. ಹವ್ಯಾಸಿಗಳು ಇದನ್ನು 450 ಗಾತ್ರ ಎಂದು ಕರೆಯುತ್ತಾರೆ. ರೆಕ್ಕೆಯ ತುದಿಯಿಂದ ತುದಿಗೆ ಸುಮಾರು 70 ಸೆಂಟಿಮೀಟರ್, ಬ್ಯಾಟರಿ ಸೇರಿ ತೂಕ ಮುಕ್ಕಾಲು ಕಿಲೋದ ಆಸುಪಾಸು. ಬ್ಲೇಡುಗಳು ನಿಮಿಷಕ್ಕೆ 2800 ಸುತ್ತು ತಿರುಗಿದರೆ ಅವುಗಳ ತುದಿಯ ವೇಗ ಗಂಟೆಗೆ 370 ಕಿಲೋಮೀಟರ್ ದಾಟುತ್ತದೆ. 2013ರಲ್ಲಿ ನ್ಯೂಯಾರ್ಕ್‌ನ ಬ್ರೂಕ್ಲಿನ್‌ನಲ್ಲಿ 19 ವರ್ಷದ ಯುವಕನೊಬ್ಬ ತಾನೇ ಹಾರಿಸುತ್ತಿದ್ದ ಇಂಥ ಹೆಲಿಕಾಪ್ಟರಿನ ಬ್ಲೇಡು ಬಡಿದು ತೀರಿಕೊಂಡ. ಅದಕ್ಕೇ ಇದರಲ್ಲಿ ಏನಾದರೂ ಸರಿಯಿಲ್ಲ ಅನ್ನಿಸಿದರೆ ಆಟದ ಸಾಮಾನು ಎಂದು ಬಿಟ್ಟುಬಿಡುವಂತಿಲ್ಲ.

ನಮ್ಮ ಮನೆಗೆ ಬಂದ ಹೆಲಿಕಾಪ್ಟರಿನಲ್ಲಿ ಸರಿಯಿಲ್ಲದ್ದು ಅದರ ಮೋಟಾರು. ಐದು ನಿಮಿಷ ಹಾರಿಸಿ ಇಳಿಸಿದರೆ ಬೆರಳಿಡಲು ಆಗುತ್ತಿರಲಿಲ್ಲ.

ಅದು ನನ್ನದಲ್ಲ, ಅಕ್ಕನ ಮಗನದು. ಹೈದರಾಬಾದಿನಲ್ಲಿ ನಮ್ಮ ಮನೆಯಲ್ಲಿದ್ದುಕೊಂಡು ಎಲೆಕ್ಟ್ರಿಕಲ್ ಡಿಪ್ಲೊಮಾ ಓದುತ್ತಿರುವ ಹುಡುಗ. ಊರು ರಾಯಚೂರು ಸೀಮೆ. ಎರಡು ವರ್ಷ ರಜೆಯಲ್ಲಿ ಒಂದು ಮೊಬೈಲ್ ರಿಪೇರಿ ಅಂಗಡಿಯಲ್ಲಿ ಕೆಲಸ ಮಾಡಿ ಕೂಡಿಟ್ಟ ಎಂಟು ಸಾವಿರ ರೂಪಾಯಿ ಕೊಟ್ಟು, ಊರು ಬಿಡುತ್ತಿದ್ದ ಒಬ್ಬರಿಂದ ಇದನ್ನು ಕೈಬದಲಾಗಿ ಕೊಂಡಿದ್ದ. ಭಾವ ಫೋನಿನಲ್ಲಿ, “ಆಟಿಗಿ ಸಾಮಾನಿಗೆ ಎಂಟು ಸಾವಿರ ಸುರದಾನಲ್ಲ ಮಾರಾಯ” ಎಂದು ನನ್ನ ಮುಂದೆ ಅಲವತ್ತುಕೊಂಡರು. ನನ್ನ ಹೆಂಡತಿಗೆ ಬ್ಯಾಟರಿಯದೇ ಹೆದರಿಕೆ. ಲಿಥಿಯಂ ಪಾಲಿಮರ್ ಬ್ಯಾಟರಿ ಉಬ್ಬಿ ಬೆಂಕಿ ಹತ್ತಿದ ವಿಡಿಯೋಗಳನ್ನು ಅವಳು ನೋಡಿದ್ದಳು. ಬಾಲ್ಕನಿಯಲ್ಲಿ, ಮರಳು ತುಂಬಿದ ಮಣ್ಣಿನ ಕುಂಡದೊಳಗಿಟ್ಟು, ಯಾರಾದರೊಬ್ಬರು ಎದುರಿಗೆ ಕೂತಿದ್ದರೆ ಮಾತ್ರ ಚಾರ್ಜ್ ಮಾಡಬೇಕು ಎಂಬುದು ಅವಳು ಹಾಕಿದ ಷರತ್ತು. ಆ ಷರತ್ತು ನ್ಯಾಯವಾದದ್ದೇ, ಇವತ್ತಿಗೂ ನಡೆಯುತ್ತಿದೆ.

ಮೋಟಾರು ಬಿಸಿಯಾದ ಮೊದಲ ದಿನ ಹುಡುಗ ಮಾತಾಡಲಿಲ್ಲ. ಎರಡನೆಯ ಸಲ ಕೇಳಿದ: “ಮಾಮಾ, ಇದೂ ಸುಡ್ತದೇನು?”

ಆ ‘ಇದೂ’ ನನಗೆ ಅರ್ಥವಾಯಿತು. ನಮ್ಮ ಕಡೆಯ ಒಕ್ಕಲುತನದ ಮನೆಗಳಲ್ಲಿ ‘ಮೋಟ್ರು ಸುಟ್ಟದ’ ಎಂಬ ಮಾತಿಗೆ ಏನು ತೂಕ ಎಂಬುದು ಅಲ್ಲಿ ಬೆಳೆದವರಿಗೆ ಗೊತ್ತು. ನಾನೂರು ಅಡಿ ಆಳದ ಬೋರಿನಿಂದ ಪೈಪು ಒಂದೊಂದಾಗಿ ಎತ್ತಲು ಆಳುಗಳು ಬೇಕು. ಎತ್ತಿದ ಮೋಟಾರನ್ನು ವೈಂಡಿಂಗ್ ಅಂಗಡಿಗೆ ಸಾಗಿಸಬೇಕು. ಬೇಸಿಗೆಯಲ್ಲಿ ಆ ಅಂಗಡಿಯ ಮುಂದೆ ಸುಟ್ಟ ಮೋಟಾರುಗಳು ಸಾಲುಗಟ್ಟಿರುತ್ತವೆ. ನಮ್ಮ ಪಾಳಿ ಬರುವಷ್ಟರಲ್ಲಿ ಹೊಲದಲ್ಲಿ ಮೆಣಸಿನ ಗಿಡ ತಲೆ ಬಗ್ಗಿಸಿರುತ್ತದೆ. ಕರ್ನಾಟಕದಲ್ಲಿ 10 ಎಚ್‌ಪಿವರೆಗಿನ ಕೃಷಿ ಪಂಪ್‌ಸೆಟ್ಟಿಗೆ ಕರೆಂಟು ಉಚಿತ, ವೈಂಡಿಂಗ್ ಉಚಿತವಲ್ಲ. ಅಕ್ಕನ ಮನೆಯಲ್ಲಿ ನಾಲ್ಕು ವರ್ಷಗಳಲ್ಲಿ ಮೂರು ಸಲ ಮೋಟಾರು ಸುಟ್ಟಿದೆ. ಒಂದು ಸಲ ಅಕ್ಕನ ಬೋರಮಾಳ ಬ್ಯಾಂಕಿಗೆ ಹೋಗಿತ್ತು. ಹೀಗೆ ಬೆಳೆದ ಹುಡುಗನಿಗೆ ಬಿಸಿ ಮೋಟಾರು ಎಂದರೆ ಹವ್ಯಾಸದ ತೊಡಕು ಅಲ್ಲ. ಮನೆಯೊಳಗೆ ಎಲ್ಲರೂ ಸುಮ್ಮನಾಗಿಬಿಡುವ ಒಂದು ದಿನ.

ಅವನು ಅದನ್ನು ಮಾರಿಬಿಡುವ ಮಾತಾಡಿದ. ಸಿಕ್ಕಷ್ಟು ಸಿಗಲಿ, ಸುಡುವ ಮುಂಚೆ ಕೊಟ್ಟುಬಿಡೋಣ ಎಂದ. ಮೋಟಾರು ಸುಡುತ್ತದೆ ಎಂದು ಗೊತ್ತಿದ್ದೂ ಇನ್ನೊಬ್ಬರ ಕೈಗೆ ದಾಟಿಸುವುದು ನನಗೆ ಒಪ್ಪಿಗೆಯಾಗಲಿಲ್ಲ. ಮೊದಲು ಯಾಕೆ ಕಾಯುತ್ತದೆ ಅಂತ ನೋಡೋಣ, ಆಮೇಲೆ ಇಡುವುದೋ ಮಾರುವುದೋ ನೀನೇ ತೀರ್ಮಾನಿಸು ಎಂದೆ.

ನನ್ನ ಕೆಲಸ ಲೆಕ್ಕಪತ್ರದ್ದು. ಮೋಟಾರಿನ ಗಂಧ ಇಲ್ಲದಿದ್ದರೂ ಒಂದು ನೋಟ್‌ಬುಕ್ಕಿನಲ್ಲಿ ಕಾಲಂ ಎಳೆದು ಅಂಕಿ ಬರೆಯುವುದು ಬರುತ್ತದೆ. ಹಾಗಾಗಿ ಮೊದಲು ಅಳೆಯುವುದು ಎಂದು ಇಬ್ಬರೂ ಒಪ್ಪಿದೆವು. ಬೆರಳಿಟ್ಟು ನೋಡುವುದು ಒಂದು ಅಂದಾಜು ಮಾತ್ರ. ಐದು ಸೆಕೆಂಡ್ ಹಿಡಿದಿಡಲು ಆದರೆ 60 ಡಿಗ್ರಿಯ ಒಳಗೆ ಇರಬಹುದು, ಅಷ್ಟೆ. ಕೊರೊನಾ ಕಾಲದಲ್ಲಿ ಎಲ್ಲರ ಮನೆಗೂ ಬಂದ ಹಣೆಗೆ ಹಿಡಿಯುವ ಥರ್ಮಾಮೀಟರ್ ಇದಕ್ಕೆ ಆಗುವುದಿಲ್ಲ, ಅದು ಮನುಷ್ಯನ ಜ್ವರದ ಅಳತೆಯಾಚೆ ಓದುವುದಿಲ್ಲ. ಕಾರ್ಖಾನೆಗಳಲ್ಲಿ ಬಳಸುವ ಇನ್‌ಫ್ರಾರೆಡ್ ಥರ್ಮಾಮೀಟರ್ ಬೇಕು. ಅದಕ್ಕೂ ಒಂದು ಕುಂದಿದೆ. ಹೊಳೆಯುವ ಲೋಹದ ಮೇಲೆ ಹಿಡಿದರೆ ನಿಜಕ್ಕಿಂತ ಕಡಿಮೆ ತೋರಿಸುತ್ತದೆ. ಮೋಟಾರಿನ ಮೇಲೆ ಕಪ್ಪು ಇನ್ಸುಲೇಷನ್ ಟೇಪಿನ ಸಣ್ಣ ತುಂಡು ಅಂಟಿಸಿ, ಆ ಟೇಪಿನ ಮೇಲೆ ಹಿಡಿದು ಓದಬೇಕು. ಇನ್ನೊಂದು ಸಂಗತಿ, ಇಳಿಸಿದ ಕ್ಷಣಕ್ಕಿಂತ ಒಂದು ನಿಮಿಷದ ನಂತರ ಮೋಟಾರಿನ ಮೈ ಹೆಚ್ಚು ಬಿಸಿ ಇರುತ್ತದೆ. ತಿರುಗುವಾಗ ಗಾಳಿ ಸಿಗುತ್ತಿರುತ್ತದೆ. ನಿಂತ ಮೇಲೆ ಗಾಳಿ ಇಲ್ಲ, ಒಳಗಿನ ಸುರುಳಿಯ ಕಾವು ಹೊರಗೆ ಹರಡುತ್ತದೆ. ಆದ್ದರಿಂದ ಪ್ರತಿಸಲವೂ ಇಳಿಸಿದ ಒಂದು ನಿಮಿಷಕ್ಕೆ ಸರಿಯಾಗಿ ಓದುವುದೆಂದು ಗೊತ್ತುಮಾಡಿಕೊಂಡೆವು.

ಎಷ್ಟು ಕರೆಂಟು ಎಳೆಯುತ್ತದೆ ಎಂದು ಗಾಳಿಯಲ್ಲಿ ಹಾರುತ್ತಿರುವುದನ್ನು ಅಳೆಯುವುದು ಹೇಗೆ? ಇದಕ್ಕೆ ಉಪಾಯ ಹುಡುಗನದು. ಸರಿಯಾಗಿ ಐದು ನಿಮಿಷ ಒಂದೇ ಎತ್ತರದಲ್ಲಿ ನಿಲ್ಲಿಸಿ ಇಳಿಸುವುದು, ಮನೆಗೆ ಬಂದು ಚಾರ್ಜ್ ಮಾಡುವಾಗ ಬ್ಯಾಟರಿಗೆ ಎಷ್ಟು ವಾಪಸ್ ಹೋಯಿತು ಎಂದು ಚಾರ್ಜರಿನಲ್ಲಿ ನೋಡುವುದು. ಅಂಗಡಿಯ ಗಲ್ಲೆಯಲ್ಲಿ ಸಂಜೆ ಎಷ್ಟು ಕಡಿಮೆ ಇದೆ ಎಂದು ನೋಡಿ ಖರ್ಚು ಹೇಳಿದ ಹಾಗೆ. ನನಗೆ ಈ ಲೆಕ್ಕ ಬಹಳ ಹಿಡಿಸಿತು.

ಹಾರಿಸಲು ಭಾನುವಾರ ಬೆಳಿಗ್ಗೆ ಔಟರ್ ರಿಂಗ್ ರೋಡಿನ ಆಚೆ ಒಂದು ಬಯಲಿಗೆ ಹೋಗುತ್ತಿದ್ದೆವು. 2021ರ ಡ್ರೋನ್ ನಿಯಮಗಳಲ್ಲಿ, 25 ಕಿಲೋ ಮೀರದ, ಕಲಿಕೆಗೋ ಖುಷಿಗೋ ಕಣ್ಣಿಗೆ ಕಾಣುವಷ್ಟು ದೂರದಲ್ಲೇ ಹಾರಿಸುವ ಯಂತ್ರಗಳಿಗೆ ಮಾದರಿ ವಿಮಾನ ಎಂಬ ವರ್ಗ ಇದೆ. ಹಾಗೆಂದು ಎಲ್ಲೆಂದರಲ್ಲಿ ಹಾರಿಸಬಾರದು. ವಿಮಾನ ನಿಲ್ದಾಣಗಳ ಸುತ್ತ ಕೆಂಪು, ಹಳದಿ ವಲಯಗಳಿವೆ, ಡಿಜಿಟಲ್ ಸ್ಕೈ ನಕ್ಷೆಯಲ್ಲಿ ನೋಡಿಕೊಂಡೇ ಜಾಗ ಆರಿಸಬೇಕು. ಏಪ್ರಿಲ್ ತಿಂಗಳ ಬೆಳಿಗ್ಗೆ ಆರೂವರೆಗೆ ಹೊರಗೆ 28 ಡಿಗ್ರಿ. ಮೊದಲ ಅಳತೆ: ಮೋಟಾರು 94 ಡಿಗ್ರಿ. ಬ್ಯಾಟರಿಗೆ ವಾಪಸ್ ಹೋದದ್ದು 1420 ಮಿಲಿಆಂಪಿಯರ್ ಅವರ್, ಅಂದರೆ ಸರಾಸರಿ 17 ಆಂಪಿಯರ್.

ನಾನು ನೋಟ್‌ಬುಕ್ಕಿನಲ್ಲಿ 94 ಎಂದು ಬರೆಯುವಾಗ ಹುಡುಗ ತಡೆದ. “66 ಅಂತ ಬರೀರಿ ಮಾಮಾ.” ಹೊರಗಿನ ಬಿಸಿಗಿಂತ ಎಷ್ಟು ಏರಿತು ಎಂಬುದೇ ಮುಖ್ಯ, ಯಾಕೆಂದರೆ ಏರಿಕೆ ಮೋಟಾರಿನದು, ಉಳಿದದ್ದು ಹವೆಯದು. ಇದೇ 66 ಡಿಗ್ರಿ ಏರಿಕೆ ಮೇ ತಿಂಗಳ ಹೈದರಾಬಾದಿನ 42 ಡಿಗ್ರಿ ಬಿಸಿಲಿನಲ್ಲಿ ಆದರೆ ಮೋಟಾರು 108ಕ್ಕೆ ಹೋಗುತ್ತದೆ.

108 ಆದರೆ ಏನು? ಇಲ್ಲಿ ಮೋಟಾರಿನ ಹೊಟ್ಟೆಯೊಳಗೆ ಏನಿದೆ ಎಂದು ತುಸು ಹೇಳಬೇಕು. ಈ ಮೋಟಾರಿನಲ್ಲಿ ತಾಮ್ರದ ಸುರುಳಿಗಳು ನಡುವೆ ನಿಂತಿರುತ್ತವೆ. ಅವುಗಳ ಸುತ್ತ ಗಂಟೆಯಂಥ ಹೊರಕವಚ ತಿರುಗುತ್ತದೆ. ಕವಚದ ಒಳಗೋಡೆಗೆ ನಿಯೋಡಿಮಿಯಂ ಅಯಸ್ಕಾಂತಗಳನ್ನು ಅಂಟಿಸಿರುತ್ತಾರೆ. ಸಾಮಾನ್ಯ ದರ್ಜೆಯ ನಿಯೋಡಿಮಿಯಂ 80 ಡಿಗ್ರಿಯವರೆಗೆ ಮಾತ್ರ ಭರವಸೆಯದು. ಬಿಸಿ ತಡೆಯುವ ಬೇರೆ ದರ್ಜೆಗಳಿವೆ, 150 ಡಿಗ್ರಿಯವರೆಗಿನವೂ ಇವೆ, ಆದರೆ ಕೈಬದಲಾದ ಮೋಟಾರಿನಲ್ಲಿ ಯಾವುದಿದೆ ಎಂದು ಹೊರಗಿನಿಂದ ಹೇಳಲಾಗದು. ಮಿತಿ ದಾಟಿ ಕಾದ ಅಯಸ್ಕಾಂತ ತನ್ನ ಬಲದ ಒಂದು ಪಾಲನ್ನು ಖಾಯಮ್ಮಾಗಿ ಕಳೆದುಕೊಳ್ಳುತ್ತದೆ, ತಣಿದ ಮೇಲೂ ಅದು ಮರಳುವುದಿಲ್ಲ. ಬಲ ಕುಗ್ಗಿದರೆ ಅದೇ ಕೆಲಸಕ್ಕೆ ಹೆಚ್ಚು ಕರೆಂಟು ಬೇಕು. ಹೆಚ್ಚು ಕರೆಂಟೆಂದರೆ ಇನ್ನೂ ಹೆಚ್ಚು ಬಿಸಿ. ತಾಮ್ರವೂ ಕಾದಷ್ಟೂ ಅಡ್ಡಿ ಹೆಚ್ಚಿಸುತ್ತದೆ, 40ರಿಂದ 100 ಡಿಗ್ರಿಗೆ ಏರಿದರೆ ಸುಮಾರು ಐದನೇ ಒಂದು ಪಾಲಿನಷ್ಟು. ಸಾಲ ತೀರಿಸಲು ಸಾಲ ಮಾಡಿದಂತೆ, ಒಂದು ಸಲ ಆ ಸುಳಿಗೆ ಬಿದ್ದ ಮೋಟಾರು ಮೇಲೇಳುವುದು ಕಷ್ಟ. ಹಾರುತ್ತಿರುವಾಗಲೇ ಮೋಟಾರು ನಿಂತರೆ, ತಿರುಗುತ್ತಿರುವ ಬ್ಲೇಡಿನ ಜಡವೇಗದಲ್ಲೇ ಇಳಿಸುವ ಒಂದು ವಿದ್ಯೆ ಇದೆ. ಅದು ಪಳಗಿದವರಿಗೆ. ಕಲಿಯುತ್ತಿರುವ ಹುಡುಗನ ಕೈಯಲ್ಲಿ ಅದು ಕಲ್ಲಿನಂತೆ ಬೀಳುತ್ತದೆ.

ಸಲಹೆಗಳು ಬಂದವು. ಒಬ್ಬರು ದೊಡ್ಡ ಮೋಟಾರು ಹಾಕಿ ಎಂದರು. ಇನ್ನೊಬ್ಬರು ರೆಕ್ಕೆರೆಕ್ಕೆಯ ಅಲ್ಯೂಮಿನಿಯಂ ಹೀಟ್‌ಸಿಂಕ್ ಹಾಕಿ ಎಂದರು. ಹೀಟ್‌ಸಿಂಕಿನ ಮಾತು ಕೇಳಲು ಚೆಂದ. ಆದರೆ ಈ ಬಗೆಯ ಮೋಟಾರಿನಲ್ಲಿ ಹೊರಕವಚವೇ ತಿರುಗುವುದರಿಂದ ಅದರ ಮೇಲೆ ಪಟ್ಟಿ ಬಿಗಿಯಲು ಬರುವುದಿಲ್ಲ. ಒಳಗಿನ ಬಿಸಿ ಹೊರಬರುವ ದಾರಿ ಎರಡೇ, ತಳದ ಅಲ್ಯೂಮಿನಿಯಂ ತಗಡು ಮತ್ತು ಕವಚದ ತೂತುಗಳಲ್ಲಿ ಓಡಾಡುವ ಗಾಳಿ.

ನಾನು ಹುಡುಗನನ್ನು ಸಿಕಂದರಾಬಾದಿನ ರಾಣಿಗಂಜಿಗೆ ಕರೆದುಕೊಂಡು ಹೋದೆ. ಪಂಪು, ಮೋಟಾರು, ನಟ್ಟು ಬೋಲ್ಟುಗಳ ಪೇಟೆ ಅದು. ಅಲ್ಲಿ ಒಳಗಲ್ಲಿಯೊಂದರಲ್ಲಿ ಕಲಬುರಗಿ ಕಡೆಯ ಒಬ್ಬ ಹಿರಿಯರ ವೈಂಡಿಂಗ್ ಅಂಗಡಿ ಇದೆ. ನಮ್ಮ ಅಪಾರ್ಟ್‌ಮೆಂಟಿನ ನೀರಿನ ಮೋಟಾರನ್ನು ಅವರೇ ಕಟ್ಟಿಕೊಟ್ಟಿದ್ದರಿಂದ ಪರಿಚಯ. ಕನ್ನಡ ಮಾತಾಡಲು ಸಿಕ್ಕಿತೆಂದು ಅವರಿಗೂ ಖುಷಿ. ಎಲ್ಲರೂ ಕಾಕಾ ಎನ್ನುತ್ತಾರೆ. ಐದು ಎಚ್‌ಪಿ ಮೋಟಾರುಗಳ ನಡುವೆ ಕೂತಿದ್ದ ಅವರ ಅಂಗೈಗೆ ಹುಡುಗ ನಿಂಬೆಹಣ್ಣಿನಷ್ಟು ದೊಡ್ಡ ಮೋಟಾರು ಇಟ್ಟ. ಅವರು ಕನ್ನಡಕ ಏರಿಸಿ ನೋಡಿ, ಹೊರಬಂದ ಮೂರು ವೈರುಗಳನ್ನು ಬೆರಳಲ್ಲಿ ಬಿಡಿಸಿದರು.

“ಇದರಾಗೂ ಮೂರ ಫೇಸ್ ಅದ ನೋಡ್ರಿ!”

ನಿಜವೇ. ಬ್ಯಾಟರಿಯ ಒಂದೇ ದಿಕ್ಕಿನ ಕರೆಂಟನ್ನು ಇಎಸ್‌ಸಿ ಎಂಬ ಸರ್ಕೀಟು ಮೂರು ವೈರುಗಳಿಗೆ ಸರದಿಯಂತೆ ಹಂಚುತ್ತದೆ. ಪಂಪಿನ ಮೋಟಾರು ಇಂಡಕ್ಷನ್ ಬಗೆಯದು, ಇದು ಅಯಸ್ಕಾಂತದ್ದು. ಆದರೂ ಸುರುಳಿಯ ಮಟ್ಟಿಗೆ ಎರಡೂ ಒಂದೇ ಮನೆತನ.

ಕಾಕಾ ಮೊದಲು ಮಾಡಿದ್ದು ಮೂಸಿ ನೋಡಿದ್ದು. ವಾರ್ನಿಷ್ ಸುಟ್ಟ ವಾಸನೆ ಇಲ್ಲ. ಆಮೇಲೆ ಮೂರೂ ವೈರು ಒಂದಕ್ಕೊಂದು ತಾಗದಂತೆ ಬಿಟ್ಟು ಕವಚವನ್ನು ಬೆರಳಿಂದ ತಿರುಗಿಸಿದರು. ಒಳಗಿನ ಸುತ್ತುಗಳು ಶಾರ್ಟ್ ಆಗಿದ್ದರೆ ವೈರು ಬಿಡಿಯಾಗಿದ್ದರೂ ಮೋಟಾರು ಬಿಗಿಯಾಗಿ ತಿರುಗುತ್ತದೆ. ಇದು ಹಗುರಾಗಿ ತಿರುಗಿತು. ಆಮೇಲೆ ಎರಡೆರಡು ವೈರುಗಳ ತುದಿ ಕೂಡಿಸಿ ಮೂರು ಸಲ ತಿರುಗಿಸಿದರು. ಮೂರೂ ಜೋಡಿಯಲ್ಲಿ ಒಂದೇ ಸಮನಾದ ಬಿಗಿ. ಮೀಟರ್ ಮುಟ್ಟಲೇ ಇಲ್ಲ.

“ಮೋಟ್ರು ಛಲೋ ಅದ ತಮ್ಮಾ. ಇದು ಸುಮ್ ಸುಮ್ಮನ ಕಾಯಂಗಿಲ್ಲ. ಯಾರೋ ಇದಕ್ಕ ಭಾರ ಹೊರಿಸ್ಯಾರ. ಅವ್ರನ್ನ ಹುಡುಕು.”

ಹುಡುಗ ಹೀಟ್‌ಸಿಂಕಿನ ಮಾತೆತ್ತಿದ. ಕಾಕಾ ನಕ್ಕರು.

“ಬಿಸಿ ಅಂದ್ರ ಜ್ವರ ಇದ್ದಂಗ. ಹಣಿ ಮ್ಯಾಲ ಹಸಿ ಬಟ್ಟಿ ಹಾಕಿದ್ರ ಜ್ವರ ಇಳೀಬಹುದು, ಬ್ಯಾನಿ ಹೋಗಂಗಿಲ್ಲ.”

ದುಡ್ಡು ತಗೊಳ್ಳಲಿಲ್ಲ. ಚಹಾ ಕುಡಿಸಿ ಕಳಿಸಿದರು.

ಮನೆಗೆ ಬಂದು ಭಾರ ಹೊರಿಸಿದವರನ್ನು ಹುಡುಕಲು ಕೂತೆವು. ಮೋಟಾರನ್ನು ಬೇರ್ಪಡಿಸಿ, ಬ್ಲೇಡು ಬಿಚ್ಚಿಟ್ಟು, ದೊಡ್ಡ ಗೇರನ್ನು ಕೈಯಿಂದ ತಿರುಗಿಸಿದಾಗ ಅದು ಎಣ್ಣೆ ಕಾಣದ ಗಿರಣಿಯಂತೆ ತಡೆದು ತಡೆದು ತಿರುಗಿತು. ಈ ಹೆಲಿಕಾಪ್ಟರಿನಲ್ಲಿ ಬಾಲದ ಸಣ್ಣ ರೆಕ್ಕೆ ತಿರುಗುವುದು ಬಾಲದ ಕೊಳವೆಯೊಳಗೆ ಹಾದುಹೋಗುವ ಹಲ್ಲಿನ ಬೆಲ್ಟಿನಿಂದ. ಆ ಬೆಲ್ಟನ್ನು ವೀಣೆಯ ತಂತಿಯಂತೆ ಎಳೆದು ಕಟ್ಟಲಾಗಿತ್ತು. ಬೆಲ್ಟ್ ಸಡಿಲವಾದರೆ ಹಲ್ಲು ಜಾರಿ ಬಾಲದ ಹಿಡಿತ ಹೋಗುತ್ತದೆ, ಆ ಹೆದರಿಕೆಗೆ ಜನ ಅತಿಯಾಗಿ ಬಿಗಿಯುವುದುಂಟು. ಕೊಳವೆಯ ಹಿಡಿಕೆಯ ಸ್ಕ್ರೂ ಸಡಿಲಿಸಿ ಎರಡು ಮಿಲಿಮೀಟರಿನಷ್ಟು ಮುಂದೆ ತಳ್ಳಿದರೆ ಸಾಕಾಯಿತು. ಮುಖ್ಯ ದಂಡದ ಕೆಳಗಿನ ಬೇರಿಂಗಿನಲ್ಲಿ ಮರಳು ಹೊಕ್ಕು ಗರಗರ ಎನ್ನುತ್ತಿತ್ತು, ಅದನ್ನು ಬದಲಿಸಿದೆವು. ಮೋಟಾರಿನ ಪಿನಿಯನ್ನೂ ದೊಡ್ಡ ಗೇರೂ ಹಲ್ಲಿಗೆ ಹಲ್ಲು ಕಚ್ಚಿ ಕೂತಿದ್ದವು. ನಡುವೆ ತೆಳು ಕಾಗದದ ಪಟ್ಟಿ ಸಿಕ್ಕಿಸಿ ಮೋಟಾರಿನ ಸ್ಕ್ರೂ ಬಿಗಿದು, ಆಮೇಲೆ ಕಾಗದ ಸುತ್ತಿ ಹೊರತೆಗೆದರೆ ಹಲ್ಲುಗಳ ನಡುವೆ ಬೇಕಾದಷ್ಟೇ ಸಂದು ಉಳಿಯುತ್ತದೆ.

ಮುಂದಿನ ಭಾನುವಾರದ ಅಳತೆ: ಏರಿಕೆ 57 ಡಿಗ್ರಿ, ಬ್ಯಾಟರಿ ಖರ್ಚು 1290. ಒಂಬತ್ತು ಡಿಗ್ರಿ ಇಳಿದಿತ್ತು. ಒಳ್ಳೆಯದೇ, ಆದರೆ ಮೇ ತಿಂಗಳಿಗೆ ಸಾಲದು.

ಉಳಿದ ಭಾರ ಎಲ್ಲಿದೆ ಎಂದು ಹುಡುಗ ಗೇರಿನ ಹಲ್ಲು ಎಣಿಸಿ ಕಂಡುಹಿಡಿದ. ದೊಡ್ಡ ಗೇರಿನಲ್ಲಿ 150 ಹಲ್ಲು, ಪಿನಿಯನ್ನಿನಲ್ಲಿ 13. ಮೋಟಾರಿನ ಮೇಲೆ 3500 ಕೆವಿ ಎಂದಿತ್ತು. ಇಲ್ಲಿ ಕೆವಿ ಎಂದರೆ ಕಿಲೋವೋಲ್ಟ್ ಅಲ್ಲ, ಭಾರವಿಲ್ಲದಾಗ ಒಂದು ವೋಲ್ಟಿಗೆ ಮೋಟಾರು ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತದೆ ಎಂಬ ಲೆಕ್ಕ. ಬ್ಯಾಟರಿ 11.1 ವೋಲ್ಟ್. 3500ನ್ನು 11.1ರಿಂದ ಗುಣಿಸಿ, 13ರಿಂದ ಗುಣಿಸಿ, 150ರಿಂದ ಭಾಗಿಸಿ, ಭಾರ ಹೊತ್ತಾಗಿನ ನಷ್ಟಕ್ಕೆ ಶೇ 15 ಕಳೆದರೆ ಬ್ಲೇಡು ನಿಮಿಷಕ್ಕೆ ಸುಮಾರು 2850 ಸುತ್ತು. ಗಾಳಿಯಲ್ಲಿ ಲಾಗ ಹೊಡೆಸುವ ಪರಿಣತರಿಗೆ ಅದು ಬೇಕು. ಕೊಟ್ಟವರು ಬಹುಶಃ ಅಂಥವರೇ, ಥ್ರಾಟಲ್ಲನ್ನೂ ಪೂರ್ತಿಗೆ ಇಟ್ಟಿದ್ದರು. ಒಂದೆಡೆ ನಿಲ್ಲಿಸಲು ಕಲಿಯುವವನಿಗೆ ಆ ವೇಗದ ಅಗತ್ಯವೇ ಇಲ್ಲ. ಬ್ಲೇಡು ಗಾಳಿಯನ್ನು ಸೀಳುವುದಕ್ಕೇ ಖರ್ಚಾಗುವ ಶಕ್ತಿ ವೇಗದ ಘನದಂತೆ ಏರುತ್ತದೆ, ವೇಗ ಮುಕ್ಕಾಲು ಮಾಡಿದರೆ ಆ ಖರ್ಚು ಅರ್ಧಕ್ಕಿಂತ ಕೆಳಗೆ ಬರುತ್ತದೆ.

ವೇಗ ಇಳಿಸಲು ಎರಡು ದಾರಿ. ಥ್ರಾಟಲ್ಲನ್ನು ಶೇ 75ಕ್ಕೆ ಇಳಿಸುವುದು, ಇದಕ್ಕೆ ಖರ್ಚಿಲ್ಲ. ಇಲ್ಲವೇ 11 ಹಲ್ಲಿನ ಪಿನಿಯನ್ ಹಾಕಿ ಥ್ರಾಟಲ್ಲನ್ನು ಶೇ 88ರಲ್ಲಿ ಇಡುವುದು. ಲೆಕ್ಕ ಮಾಡಿದರೆ ಎರಡರಲ್ಲೂ ಬ್ಲೇಡಿನ ವೇಗ ಒಂದೇ, ಸುಮಾರು 2140. ಹಾಗಿದ್ದಾಗ ಬಿಸಿಯೂ ಒಂದೇ ಇರಬೇಕಲ್ಲವೇ? ಎರಡನ್ನೂ ಪರೀಕ್ಷಿಸಿದೆವು.

ಮೊದಲ ದಾರಿಯಲ್ಲಿ ಬ್ಯಾಟರಿ ಖರ್ಚು 880, ಮೋಟಾರಿನ ಏರಿಕೆ 44. ಆದರೆ ಇಎಸ್‌ಸಿಯ ಬಿಸಿ ಮೊದಲಿಗಿಂತ ಹೆಚ್ಚಾಯಿತು, 55 ಇದ್ದದ್ದು 64. ಎರಡನೆಯ ದಾರಿಗೆ ಇನ್ನೂರು ರೂಪಾಯಿಯೊಳಗಿನ ಒಂದು ಪಿನಿಯನ್ ತರಿಸಿ ಹಾಕಿದೆವು. ಖರ್ಚು 835, ಇಎಸ್‌ಸಿ 56, ಮೋಟಾರಿನ ಏರಿಕೆ 34.

ಬ್ಯಾಟರಿಯಿಂದ ಹೋದದ್ದರಲ್ಲಿ ವ್ಯತ್ಯಾಸ ತೀರ ಕಡಿಮೆ, ಮೋಟಾರಿನ ಬಿಸಿಯಲ್ಲಿ ಹತ್ತು ಡಿಗ್ರಿ. ಲೆಕ್ಕದವನಾದ ನನಗೆ ಈ ಎರಡು ಕಾಲಂ ತಾಳೆಯಾಗಲಿಲ್ಲ. ಬಂದ ದುಡ್ಡು ಅಷ್ಟೇ, ಹೋದ ದುಡ್ಡು ಬೇರೆ. ಹುಡುಗ ತನ್ನ ಪುಸ್ತಕ ತೆರೆದು ಒಂದು ಸಂಜೆ ಕೂತು ನನಗೆ ಬಿಡಿಸಿ ಹೇಳಿದ.

ಬ್ಯಾಟರಿಯಿಂದ ಹೊರಡುವ ಕರೆಂಟೂ ಮೋಟಾರಿನ ಸುರುಳಿಯಲ್ಲಿ ಹರಿಯುವ ಕರೆಂಟೂ ಒಂದೇ ಅಲ್ಲ. ಥ್ರಾಟಲ್ ಪೂರ್ತಿ ಇಲ್ಲದಾಗ ಇಎಸ್‌ಸಿ ಸೆಕೆಂಡಿಗೆ ಸಾವಿರಾರು ಸಲ ಕರೆಂಟನ್ನು ಕಡಿದು ಕಡಿದು ಕೊಡುತ್ತದೆ. ಮೋಟಾರಿಗೆ ಸಿಗುವ ಸರಾಸರಿ ವೋಲ್ಟೇಜು ಕಡಿಮೆ, ಆದರೆ ಸುರುಳಿಯಲ್ಲಿ ಕರೆಂಟು ಬ್ಯಾಟರಿಯಲ್ಲಿರುವುದಕ್ಕಿಂತ ಹೆಚ್ಚು. ಸುರುಳಿಗೆ ಎಷ್ಟು ಕರೆಂಟು ಬೇಕು ಎಂಬುದನ್ನು ನಿರ್ಧರಿಸುವುದು ಮೋಟಾರು ಎಷ್ಟು ಜೋರಾಗಿ ತಿರುಚಬೇಕು ಎಂಬುದು. 13 ಹಲ್ಲಿನ ಪಿನಿಯನ್ ಅದೇ ಬ್ಲೇಡನ್ನು ತಿರುಗಿಸಲು 11 ಹಲ್ಲಿನದಕ್ಕಿಂತ ಶೇ 18ರಷ್ಟು ಹೆಚ್ಚು ತಿರುಚು ಬೇಡುತ್ತದೆ. ತಾಮ್ರದಲ್ಲಿ ಹುಟ್ಟುವ ಬಿಸಿ ಕರೆಂಟಿನ ವರ್ಗದಂತೆ ಏರುವುದರಿಂದ 18 ಹೋಗಿ 40 ಆಗುತ್ತದೆ. ಕರೆಂಟು ಇಮ್ಮಡಿಯಾದರೆ ಬಿಸಿ ನಾಲ್ಕು ಪಟ್ಟು.

“ಆಗುಂಬೆ ಘಾಟಿಯನ್ನ ನಾಲ್ಕನೇ ಗೇರಿನಾಗ ಹತ್ತಿಸಿದಂಗ ಮಾಮಾ. ಗಾಡಿ ಹತ್ತತದ. ಸಾವಕಾಶ ಹೋದ್ರೂ ಇಂಜಿನ್ ಮಾತ್ರ ಮುಕ್ಕರಿತದ.”

ಕಡಿಮೆ ಗೇರಿನಲ್ಲಿ ಇಂಜಿನ್ ಹೆಚ್ಚು ಸುತ್ತುತ್ತದೆ, ಆದರೆ ಹಗುರಾಗಿ ಸುತ್ತುತ್ತದೆ. ಮೋಟಾರು ಬಿಸಿಯಾಗುತ್ತಿದೆ ಎಂದು ಥ್ರಾಟಲ್ ಇಳಿಸುತ್ತಾ ಹೋಗುವುದು ಹೆಚ್ಚಿನವರಿಗೆ ತೋಚುವ ದಾರಿ. ಪಿನಿಯನ್ ಸಣ್ಣದು ಮಾಡಿ ಥ್ರಾಟಲ್ ಏರಿಸುವುದು ಅದಕ್ಕಿಂತ ತಂಪಾದ ದಾರಿ. ಇದನ್ನು ನನಗೆ ಹುಡುಗ ಹೇಳಿದ, ಹುಡುಗನಿಗೆ ನೋಟ್‌ಬುಕ್ ಹೇಳಿತು.

34 ಡಿಗ್ರಿ ಏರಿಕೆ ಎಂದರೆ 42 ಡಿಗ್ರಿಯ ದಿನವೂ 76. ಎಂಬತ್ತರ ಕೆಳಗೆ. ಅಂಚಿನಲ್ಲಿದೆ ನಿಜ. ಬಿಸಿಗಾಳಿ ತೆಳುವಾಗಿರುತ್ತದೆ, 20 ಡಿಗ್ರಿಯ ಗಾಳಿಗಿಂತ 42 ಡಿಗ್ರಿಯದು ಸುಮಾರು ಶೇ 7ರಷ್ಟು, ಹಾಗಾಗಿ ಮೇಲೆ ನಿಲ್ಲಲು ಇನ್ನಷ್ಟು ಶ್ರಮವೂ ಆಗುತ್ತದೆ. ಅದಕ್ಕೆ ಮೇ ತಿಂಗಳಿಡೀ ಬೆಳಿಗ್ಗೆ ಎಂಟರ ನಂತರ ಹಾರಿಸುವುದಿಲ್ಲ, ಎರಡು ಹಾರಾಟಗಳ ನಡುವೆ ಹದಿನೈದು ನಿಮಿಷ ನೆರಳಿನಲ್ಲಿಡಬೇಕು ಎಂದು ಅವನೇ ನಿಯಮ ಮಾಡಿಕೊಂಡ. ಮೊದಲಿನ ಲೆಕ್ಕದಲ್ಲಿ 2200 ಮಿಲಿಆಂಪಿಯರ್ ಅವರ್ ಬ್ಯಾಟರಿಯ ಶೇ 80 ಮುಗಿಯಲು ಆರು ನಿಮಿಷ ಸಾಕಾಗುತ್ತಿತ್ತು. ಈಗ ಹತ್ತು ನಿಮಿಷ ಹಾರುತ್ತದೆ. ಮಾರುವ ಮಾತು ಅವನು ಮತ್ತೆ ಎತ್ತಲಿಲ್ಲ, ನಾನೂ ಕೇಳಲಿಲ್ಲ.

ದೀಪಾವಳಿಗೆ ಊರಿಗೆ ಹೊರಟಾಗ ಹೆಲಿಕಾಪ್ಟರನ್ನು ಹೈದರಾಬಾದಿನಲ್ಲೇ ಬಿಟ್ಟ. ರಾಣಿಗಂಜಿಗೆ ಹೋಗಿ ಕಾಕಾನ ಕ್ಲಾಂಪ್ ಮೀಟರ್ ಕೇಳಿ ತಂದು ಬ್ಯಾಗಿನಲ್ಲಿಟ್ಟುಕೊಂಡ. ವೈರು ಕತ್ತರಿಸದೆ, ಸುತ್ತ ದವಡೆ ಹಾಕಿದರೆ ಕರೆಂಟು ಎಷ್ಟು ಹರಿಯುತ್ತಿದೆ ಎಂದು ತೋರಿಸುವ ಮೀಟರ್ ಅದು. ಊರಿನ ಎಲೆಕ್ಟ್ರಿಷಿಯನ್‌ನನ್ನು ಜೊತೆಗೆ ಕರೆದುಕೊಂಡೇ ಸ್ಟಾರ್ಟರ್ ಡಬ್ಬಿ ತೆರೆಯಬೇಕು ಎಂದು ನಾನು ಎರಡು ಸಲ ಹೇಳಿ ಕಳಿಸಿದೆ.

ಮೂರನೆಯ ದಿನ ಫೋನಿಗೆ ಒಂದು ಫೋಟೋ ಬಂತು. ನೋಟ್‌ಬುಕ್ಕಿನ ಹಾಳೆ, ನಾನು ಎಳೆಯುವಂಥದೇ ಕಾಲಂಗಳು. ಐದು ಎಚ್‌ಪಿ ಮೋಟಾರು. ಒಂದನೇ ಫೇಸ್ 9.1, ಎರಡನೇ ಫೇಸ್ 8.8, ಮೂರನೇ ಫೇಸ್ 5.9 ಆಂಪಿಯರ್. ಮೂರೂ ಸಮನಾಗಿ ಏಳೂವರೆಯ ಆಸುಪಾಸು ಇರಬೇಕಾದದ್ದು. ಮೂರನೆಯ ಫೇಸ್‌ನ ಜೋಡಣೆ ಒಂದು ಕಡೆ ಕರಿಕಾಗಿ ಸಡಿಲವಾಗಿತ್ತು. ಅದು ಹೊರಬೇಕಾದ ಭಾರವನ್ನು ಉಳಿದೆರಡು ಹೊತ್ತು ಒಳಗೊಳಗೇ ಕಾಯುತ್ತಿದ್ದವು. ನಾಲ್ಕು ವರ್ಷಗಳಲ್ಲಿ ಮೂರು ಸಲ ವೈಂಡಿಂಗ್ ಮಾಡಿಸಿ ಇಳಿಸಿದ ಮೋಟಾರನ್ನು ಪ್ರತಿಸಲವೂ ಅದೇ ಜೋಡಣೆಗೆ ಕಟ್ಟಲಾಗಿತ್ತು. ಎಲೆಕ್ಟ್ರಿಷಿಯನ್ ಕರೆಂಟು ತೆಗೆಸಿ, ಸುಟ್ಟ ಭಾಗ ಬದಲಿಸಿ, ಬಿಗಿ ಮಾಡಿದ. ಫೋಟೋದ ಕೆಳಗಿನ ಸಾಲಿನಲ್ಲಿ ಹೊಸ ಅಂಕಿಗಳಿದ್ದವು: 7.6, 7.4, 7.5.

ಆ ಮೂರು ಸಲ ಸುಟ್ಟದ್ದಕ್ಕೆಲ್ಲ ಇದೊಂದೇ ಕಾರಣ ಎಂದು ನಾನು ಹೇಳುತ್ತಿಲ್ಲ. ವೋಲ್ಟೇಜು ಬಿದ್ದರೂ ಪಂಪಿನ ಮೋಟಾರು ಸುಡುತ್ತದೆ. ನೀರಿಳಿದ ಬೋರಿನಲ್ಲಿ ಒಣಗಿ ಓಡಿದರೂ ಸುಡುತ್ತದೆ. ಆದರೆ ಒಂದು ಕಾರಣವಂತೂ ಡಬ್ಬಿಯೊಳಗೆ ಕಣ್ಣಿಗೆ ಕಾಣುವಂತೆ ಕೂತಿತ್ತು.

ಅವತ್ತು ರಾತ್ರಿ ಭಾವ ಫೋನ್ ಮಾಡಿದರು. ಹಬ್ಬದ ಮಾತು, ಮಳೆಯ ಮಾತು, ಹತ್ತಿಯ ರೇಟು ಎಲ್ಲ ಆಯಿತು. ಇಡುವ ಮುಂಚೆ ಕೇಳಿದರು:

“ಆ ದವಡಿ ಮೀಟರ್ ಹೈದರಾಬಾದಿನ್ಯಾಗ ಎಷ್ಟಕ್ಕ ಸಿಗ್ತದ ನೋಡ್ರಿ. ಇಲ್ಲಿ ನಾಕ್ ಮಂದಿ ಕೇಳಾಕತ್ಯಾರ.”